ಮೂರಡಿಗೆ ನಿಂತ ಗುಂಡಿ

ಹತ್ತೊಂಬತ್ತುನೂರ ಒಂಬತ್ತರಲ್ಲಿ ನಾನು ಚಿತ್ರದುರ್ಗದಲ್ಲಿ ಭೂಮಿ ತಪಾಸಣೆಯ ಇನ್‌ಸ್ಪೆಕ್ಟರ್ ಆಗಿದ್ದೆ. ಇನ್‌ಸ್ಪೆಕ್ಟರ್ ಎಂದ ಕೂಡಲೇ ಯಾರೂ ದೊಡ್ಡ ಹುದ್ದೆಯನ್ನು ಊಹಿಸಿಕೊಳ್ಳಬೇಕಾಗಿಲ್ಲ. ಒಂದು ತಟ್ಟು ಕುದುರೆ, ಮಣ್ಣು ಕೊರೆದು ತೆಗೆಯುವ ಒಂದು ಅಗರ್, ಒಂದು ಸಣ್ಣ ಆಸಿಡ್ ಬಾಟಲಿ ಮತ್ತು ನಾಲ್ಕು ತಾಲ್ಲೂಕಿನ ಧೂಳು, ಇಷ್ಟೇ ನನ್ನ ಪಾಲಿಗೆ ಬಂದದ್ದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕರಲ್ಲೂ ಯಾವ ಜಮೀನು ತೆಂಗಿಗೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸವಾಗಿತ್ತು.

ಆಗ ತೆಂಗಿನ ಹುಚ್ಚು ಹಿಡಿದಿದ್ದ ಕಾಲ. ಮಾರಿಕಣಿವೆಯ ಹೊಸ ಅಣೆಕಟ್ಟಿನಲ್ಲಿ ನೀರು ನಿಂತದ್ದನ್ನು ಕಂಡ ಮೇಲೆ ಕಾಲುವೆ ಹಾಯದ ಊರಿನವರಿಗೂ ತೋಟ ಮಾಡುವ ಆಸೆ ಹುಟ್ಟಿತ್ತು. ಕೊಬ್ಬರಿಗೂ ಎಣ್ಣೆಗೂ ಬೇಡಿಕೆ ಏರಿತ್ತು. ಜಮೀನು ‘ಯೋಗ್ಯ’ ಎಂದು ನಮ್ಮ ವರದಿಯಲ್ಲಿ ಬಂದರೆ ರೈತನಿಗೆ ಸಸಿಯೂ ಸಿಗುತ್ತಿತ್ತು, ಕೆರೆಯ ನೀರಿನಲ್ಲಿ ಮೊದಲ ಸರದಿಯೂ ಸಿಗುತ್ತಿತ್ತು. ಹಾಗಾಗಿ ನಮ್ಮ ಒಂದು ಹಾಳೆ ಕಾಗದಕ್ಕೆ ಹಳ್ಳಿಗಳಲ್ಲಿ ಬಹಳ ಬೆಲೆಯಿತ್ತು. ಜನ ಅದನ್ನು ಮಡಿಸಿ ದೇವರ ಗೂಡಿನಲ್ಲಿ ಇಡುತ್ತಿದ್ದರು.

ತಪಾಸಣೆಯ ಕ್ರಮ ಸರಳ. ಪ್ರತಿ ಜಮೀನಿನಲ್ಲಿ ಮೂರು ಕಡೆ ಗುಂಡಿ, ಪ್ರತಿ ಗುಂಡಿಯೂ ಆರು ಅಡಿ. ಪದರಪದರವಾಗಿ ಮಣ್ಣು ತೆಗೆದು, ಒದ್ದೆ ಮಾಡಿ ಬೆರಳಲ್ಲಿ ಹೊಸೆದು, ನಾಲಿಗೆಗೆ ತಾಗಿಸಿ ಉಪ್ಪು ನೋಡಿ, ಆಸಿಡ್ ಹನಿ ಬಿಟ್ಟು ಸುಣ್ಣ ನೋಡಬೇಕು. ಸುಣ್ಣವಿದ್ದರೆ ಮಣ್ಣು ನೊರೆ ಕಕ್ಕುತ್ತದೆ. ಆರು ಅಡಿಯೇ ಏಕೆ ಎಂದರೆ, ತೆಂಗು ಮೋಸ ಮಾಡುವ ಗಿಡ. ನಾಲ್ಕಡಿಯ ಕೆಳಗೆ ಬಂಡೆಯೋ ಸುಣ್ಣದ ಹಾಸೋ ಇದ್ದರೂ ಮೊದಲ ನಾಲ್ಕೈದು ವರ್ಷ ಹಚ್ಚಗೆ ನಗುತ್ತದೆ. ಆಮೇಲೆ ಬೇರು ಆ ಹಾಸನ್ನು ಮುಟ್ಟುತ್ತದೆ, ಗರಿ ಹಳದಿಗೆ ತಿರುಗುತ್ತದೆ, ಹೆಬ್ಬೆರಳು ಗಾತ್ರದ ಎಳೆಗಾಯಿ ಉದುರುತ್ತದೆ, ಉಳಿದದ್ದು ಒಳಗೆ ನೀರೂ ಇಲ್ಲದ ಪೊಳ್ಳು ಕಾಯಿ. ನೆಟ್ಟವನಿಗೆ ತಾನು ಕೆಟ್ಟೆನೆಂದು ತಿಳಿಯುವುದು ಎಂಟನೆಯ ವರ್ಷ. ಈ ಎಂಟು ವರ್ಷದ ಲೆಕ್ಕ ನನಗೆ ಬಾಯಿಪಾಠವಾಗಿತ್ತು, ಅದೇ ನನ್ನನ್ನು ಹಾಳು ಮಾಡಿತು.

ಆ ವರ್ಷದ ಮಾಗಿ ಕಾಲದಲ್ಲಿ ಅರ್ಜಿಗಳ ಕಟ್ಟಿನೊಳಗೆ ಒಂದು ಹೆಸರು ಕಣ್ಣಿಗೆ ಬಿತ್ತು. ಗುರುಸಿದ್ದಪ್ಪ, ಹಿರಿಯೂರಿನಿಂದ ಹರಿಯಬ್ಬೆಗೆ ಹೋಗುವ ದಾರಿಯ ಒಂದು ಊರು, ಕೆರೆಯ ಕೆಳಗಿನ ಎಂಟು ಎಕರೆ. ನನ್ನ ಅಪ್ಪ ಸತ್ತದ್ದು ಆ ಎಂಟು ಎಕರೆಯಲ್ಲಿ.

ಅಪ್ಪ ಬಾವಿ ತೋಡುವ ಮೇಸ್ತ್ರಿ. ಹೊಳಲ್ಕೆರೆ ಸೀಮೆಯಲ್ಲಿ ಅವನು ತೋಡಿದ ಬಾವಿಗಳು ಇಂದಿಗೂ ಇವೆ. ಆ ಅರ್ಜಿ ಬರುವುದಕ್ಕೆ ಹದಿನಾಲ್ಕು ವರ್ಷದ ಹಿಂದೆ ಗುರುಸಿದ್ದಪ್ಪ ಅವನನ್ನು ಕರೆಸಿ ಆ ಹೊಲದಲ್ಲಿ ಬಾವಿಗೆ ಹಚ್ಚಿದ್ದ. ಮೇಲೆ ಮೂರೂವರೆ ಅಡಿ ಬೆಣ್ಣೆಯಂಥ ಗೋಡುಮಣ್ಣು, ಅದರ ಕೆಳಗೆ ಉಳಿ ಮುರಿಯುವ ಸುಣ್ಣದ ಹಾಸು, ಅದರ ಕೆಳಗೆ ಹಿಡಿಯಲ್ಲಿ ನಿಲ್ಲದ ಬಿಳಿ ಪುಡಿಮಣ್ಣು. ಪುಡಿಮಣ್ಣು ಕಂಡ ದಿನ ಅಪ್ಪ ಊರಿಗೆ ಬಂದು ಅವ್ವನ ಮುಂದೆ ಇದನ್ನೆಲ್ಲ ಹೇಳಿದ್ದನಂತೆ. ಸುತ್ತಲೂ ಹಲಗೆ ಕಟ್ಟದೆ ಇನ್ನು ಇಳಿಯುವುದಿಲ್ಲ ಎಂದು ಗುರುಸಿದ್ದಪ್ಪನಿಗೂ ಹೇಳಿದ್ದನಂತೆ. ಬೇಸಿಗೆ ಮುಗಿಯುವುದರೊಳಗೆ ನೀರು ಕಾಣಬೇಕೆಂದು ಆತ ಅವಸರ ಮಾಡಿದ. ಹಲಗೆ ಬರಲಿಲ್ಲ. ಮಾರನೆಯ ವಾರ ಬಾವಿಯ ಗೋಡೆ ಅಪ್ಪನ ಮೇಲೆ ಕುಸಿಯಿತು.

ನಾನು ಚಿತ್ರದುರ್ಗದಲ್ಲಿ ಓದುತ್ತಿದ್ದವನು ಓಡಿ ಬಂದಾಗ ಹೆಣ ಮೇಲೆ ತೆಗೆದಿದ್ದರು. ಉಗುರಿನ ಸಂದಿಯಲ್ಲೆಲ್ಲ ಆ ಬಿಳಿ ಮಣ್ಣು. ಊರ ಪಂಚಾಯಿತಿಯಲ್ಲಿ ಗುರುಸಿದ್ದಪ್ಪ ಹಣೆ ತುಂಬ ವಿಭೂತಿ ಇಟ್ಟುಕೊಂಡು ನಿಂತು ಒಂದೇ ಮಾತು ಹೇಳಿದ.

“ಏನ್ ಮಾಡೋಣ, ಕುಡಿದು ಇಳಿದ. ನಾನು ಬ್ಯಾಡ ಅಂದೆ.”

ಅಪ್ಪ ಹೆಂಡದ ವಾಸನೆಯನ್ನೂ ಕಂಡವನಲ್ಲ. ಆದರೆ ಹೇಳಿದವನು ದೊಡ್ಡವನು, ಸತ್ತವನಿಗೆ ಬಾಯಿಲ್ಲ. ಬಾವಿಯನ್ನು ಮುಚ್ಚಿಸಿ ಅದರ ಮೇಲೆ ಹೊಂಗೆ ಸಸಿ ನೆಡಿಸಿದ. ಅವ್ವ ಬಿ.ದುರ್ಗದ ತನ್ನ ಅಣ್ಣನ ಮನೆ ಸೇರಿದಳು. ಕುಡುಕನ ಹೆಂಡತಿ ಎಂಬ ಹೆಸರು ಅವಳ ಬೆನ್ನಿಗೆ ಬಿ.ದುರ್ಗದವರೆಗೂ ಬಂತು. ಆಮೇಲೆ ಅವಳು ಯಾರ ಮದುವೆಗೂ ಹೋಗಲಿಲ್ಲ. ಸಾಯುವಾಗಲೂ ನನ್ನ ಕೈ ಹಿಡಿದು, “ಅವ್ರು ಕುಡಿತಿರ್ಲಿಲ್ಲ ಕಣಪ್ಪ” ಎಂದಳು, ನನಗೆ ಗೊತ್ತಿಲ್ಲವೇನೋ ಎಂಬಂತೆ. ಆ ಮನುಷ್ಯನ ಮೇಲೆ ನನಗಿದ್ದ ದ್ವೇಷವನ್ನು ಇಲ್ಲಿ ಮರೆಮಾಚುವುದಿಲ್ಲ. ಅದು ಊಟ ಮಾಡುವಾಗಲೂ ಎಲೆಯ ಪಕ್ಕದಲ್ಲಿ ಕುಳಿತಿರುತ್ತಿತ್ತು.

ಹಿರಿಯ ಅಧಿಕಾರಿಗೆ ಹೇಳಿ ಆ ಅರ್ಜಿಯನ್ನು ಬೇರೆಯವರಿಗೆ ಕೊಡಿಸಬಹುದಿತ್ತು. ನಾನೇ ಹೋದೆ. ತಟ್ಟು ಕುದುರೆಯ ಮೇಲೆ ಹೋಗುತ್ತ ದಾರಿಯುದ್ದಕ್ಕೂ ಅಯೋಗ್ಯ, ಅಯೋಗ್ಯ ಎಂದು ಮನಸ್ಸಿನಲ್ಲೇ ಬರೆದುಕೊಂಡೆ. ಹಾಗೆ ಬರೆದಿದ್ದರೆ ಅದು ಸತ್ಯವೂ ಆಗುತ್ತಿತ್ತು. ಆದರೆ ಕೆರೆ ಏರಿ ಹತ್ತುವ ಹೊತ್ತಿಗೆ ಇನ್ನೊಂದು ಯೋಚನೆ ಬಂತು. ಅಯೋಗ್ಯ ಎಂದರೆ ಇವನಿಗೆ ಏನು ನಷ್ಟ? ಜೋಳ ಬಿತ್ತಿಕೊಂಡು ಸುಖವಾಗಿರುತ್ತಾನೆ. ಅದೇ ‘ಯೋಗ್ಯ’ ಎಂದು ಬರೆದರೆ ಎಂಟು ವರ್ಷ ನೀರು ಹಾಯಿಸುತ್ತಾನೆ, ಗೊಬ್ಬರ ಹೊರುತ್ತಾನೆ, ಮರ ಮುಟ್ಟಿ ಮುಟ್ಟಿ ನೋಡುತ್ತಾನೆ, ಕೊನೆಗೆ ಪೊಳ್ಳು ಕಾಯಿ ಅಲ್ಲಾಡಿಸಿಕೊಂಡು ಕೂರುತ್ತಾನೆ. ಈ ಯೋಚನೆ ಬಂದ ಕ್ಷಣ ಹೊಟ್ಟೆ ಎಷ್ಟು ತಣ್ಣಗಾಯಿತೆಂದರೆ, ಕುದುರೆಯ ಮೇಲೆ ಕುಳಿತೇ ನಕ್ಕುಬಿಟ್ಟೆ.

ಗುರುಸಿದ್ದಪ್ಪ ಬಿಳಿ ರುಮಾಲು ಸುತ್ತಿಕೊಂಡು ಹೊಲದ ಬದುವಿನ ಮೇಲೆ ಕಾದಿದ್ದ. ಗಡ್ಡ ನರೆತಿತ್ತು, ದನಿ ಅದೇ.

“ಬರ್ರಿ ಸ್ವಾಮಿ, ನೆಳ್ಳಾಗೆ ಕುಂತ್ಕಳ್ರಿ,” ಎಂದು ಅದೇ ಹೊಂಗೆ ಮರದ ಕೆಳಗೆ ಕಂಬಳಿ ಹಾಸಿದ. ಅಪ್ಪ ಸತ್ತ ಜಾಗದ ಮೇಲೆ ನನ್ನನ್ನು ಕೂರಿಸಿ ಎಳನೀರು ಕೊಟ್ಟ. ನಾನು ಕುಡಿಯಲಿಲ್ಲ.

ನಿಯಮದಂತೆ ಊರ ಪಟೇಲರು ಮತ್ತು ಪಕ್ಕದ ಹೊಲದ ರೈತರೊಬ್ಬರು ಪಂಚರಾಗಿ ನಿಂತರು. ಗುಂಡಿ ತೋಡಲು ಇಬ್ಬರು ಆಳು. ಅವರಲ್ಲಿ ಹಿರಿಯವನ ಹೆಸರು ಕರಿಯಣ್ಣ, ಗುರುಸಿದ್ದಪ್ಪನ ಮನೆಯಲ್ಲೇ ಜೀತಕ್ಕಿದ್ದವನು. ಮಣ್ಣು ಬೆಣ್ಣೆಯ ಹಾಗೆ ಬಂತು. ಎರಡಡಿ, ಎರಡೂವರೆ, ಮೂರಡಿ. ನಾನು ಕೈಯೆತ್ತಿ, “ಸಾಕು” ಎಂದೆ.

ಕರಿಯಣ್ಣ ಗುದ್ದಲಿ ಹಿಡಿದುಕೊಂಡೇ ನನ್ನನ್ನು ನೋಡಿದ. “ಇನ್ನೂ ತೋಡಾಣ, ಸ್ವಾಮಿ?”

“ಸಾಕಪ್ಪ.”

“ಬ್ಯಾರೆ ಕಡೆ ಆಳು ಮುಳುಗೋವಷ್ಟು ತೋಡಿಸ್ತಾರೆ ಅಂದ್ರು. ಇನ್ನೊಂದು ಗಳಿಗೆ, ತೋಡೇ ಬಿಡ್ತೀನಿ.”

“ಸಾಕು ಅಂದೆನಲ್ಲ. ಮೇಲೆ ಬಾ.”

ಗುರುಸಿದ್ದಪ್ಪ ಗುಂಡಿಯ ಬಾಯಲ್ಲೇ ನಿಂತಿದ್ದ. ಒಮ್ಮೆ ಗುಂಡಿಯನ್ನು, ಒಮ್ಮೆ ನನ್ನ ಮುಖವನ್ನು ನೋಡಿದ. ಉಳಿದ ಎರಡು ಗುಂಡಿಗಳನ್ನೂ ಮೂರಡಿಗೇ ನಿಲ್ಲಿಸಿದೆ. ಹೊರಡುವಾಗ ಆತ ಕೈಮುಗಿದು, “ಮೊದಲ್ನೇ ಸಸಿ ನನ್ನ ಮಗನ ಕೈಲೇ ಇಡಿಸ್ತೀನಿ” ಎಂದ. ಅವನ ಮಗನೂ ಸೇರಿಕೊಂಡನಲ್ಲ ಎಂದು ಇನ್ನಷ್ಟು ಸಂತೋಷವಾಯಿತು.

ವರದಿಯಲ್ಲಿ ನಾನು ಒಂದು ಸುಳ್ಳು ಅಂಕಿಯನ್ನೂ ಬರೆಯಲಿಲ್ಲ. ಗೋಡುಮಣ್ಣು, ನೀರು ಚೆನ್ನಾಗಿ ಬಸಿಯುತ್ತದೆ, ಉಪ್ಪಿಲ್ಲ, ಆಸಿಡ್‌ಗೆ ನೊರೆಯಿಲ್ಲ. ‘ತೋಡಿದ ಆಳ’ ಎಂಬ ಕಲಮಿನಲ್ಲಿ ಮೂರು ಅಡಿ ಎಂದೇ ಬರೆದೆ. ಆ ಕಲಮನ್ನು ಯಾರೂ ಓದುವುದಿಲ್ಲವೆಂದು ಗೊತ್ತಿತ್ತು. ಕೊನೆಯಲ್ಲಿ ‘ತೆಂಗಿಗೆ ಯೋಗ್ಯ’ ಎಂದು ಬರೆದು ರುಜು ಹಾಕಿದೆ. ಅಂದು ಜೋಗಿಮಟ್ಟಿಯ ಕಡೆ ಸಂಜೆ ತಿರುಗಾಡಲು ಹೋಗಿ, ಬಂಡೆಯ ಮೇಲೆ ಕುಳಿತು, ಅಪ್ಪನಿಗೆ ಮನಸ್ಸಿನಲ್ಲೇ ವರದಿ ಒಪ್ಪಿಸಿದೆ.

ಮೂರು ವರ್ಷ ನಾನು ಆ ಸುಖದಲ್ಲೇ ಇದ್ದೆ. ಆ ಊರಿನ ಹತ್ತಿರ ಹೋಗದೆ, ಅಲ್ಲಿ ಸಸಿಗಳು ಮೊಳಕಾಲೆತ್ತರ ಆಗಿರಬೇಕು, ಸೊಂಟದೆತ್ತರ ಆಗಿರಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

ಹನ್ನೆರಡನೆಯ ಇಸವಿಯಲ್ಲಿ ಹೊಸದುರ್ಗದ ಸುತ್ತಿನ ಕೆಂಪು ನೆಲದ ಹೊಲಗಳನ್ನು ನೋಡುತ್ತಿದ್ದೆ. ಆ ಸೀಮೆಯ ಮರಳು ಬೆರೆತ ಕೆಂಪು ಮಣ್ಣು ತೆಂಗಿಗೆ ಹೇಳಿ ಮಾಡಿಸಿದ್ದು. ಒಂದು ಕಡೆ ಆರು ಅಡಿ ತೋಡಿಸಿದೆ, ಬುಡದವರೆಗೂ ಒಂದೇ ಬಣ್ಣ, ಒಂದೇ ಹದ. ಇಷ್ಟು ಚೆಂದದ ನೆಲ ನಾನು ಆ ವರ್ಷ ಕಂಡಿರಲಿಲ್ಲ. ಯಾರದೆಂದು ಕೇಳುತ್ತಿದ್ದ ಹಾಗೆ ಬೇಲಿಯ ಆಚೆಯಿಂದ ಬಿಳಿ ರುಮಾಲು ಬಂತು.

“ಈಗ ನಂದೇ, ಸ್ವಾಮಿ,” ಎಂದ ಗುರುಸಿದ್ದಪ್ಪ. “ಈರಣ್ಣ ಅಂತ ಇಲ್ಲಿಯ ರೈತ. ಅವನ ಹೆಂಡ್ತಿ ಹೊನ್ನಮ್ಮನ ತವರು ಹರಿಯಬ್ಬೆ. ತವರಿಗೆ ಹತ್ರ ಆಗ್ತೈತೆ, ಕೆರೆ ನೀರೂ ಐತೆ ಅಂತ ಈ ಮೂರೆಕರೆ ಬಿಟ್ಟುಕೊಟ್ಟು ನನ್ನ ಎಂಟೆಕರೆ ತಗಂಡ್ರು. ನಿಮ್ಮ ಕಾಗದ ನೋಡಿದ ಮ್ಯಾಲೆ ಮರುಮಾತಿಲ್ದೆ ಒಪ್ಪಿದ್ರು.”

ಆತ ಹತ್ತಿರ ಬಂದು ದನಿ ಇಳಿಸಿದ. ಗೌರವದ ಮಾತೂ ಅಲ್ಲಿಗೇ ಬಿತ್ತು.

“ಗುಂಡಿ ಮೂರಡಿಗೆ ನಿಲ್ಸಿದಾಗ್ಲೇ ಗೊತ್ತಾತು ಕಣಪ್ಪ ನೀನ್ಯಾರ ಮಗ ಅಂತ. ಕೆಳಗೇನೈತೆ ಅಂತ ಗೊತ್ತಿರೋನೇ ಅಲ್ಲಿಗೆ ನಿಲ್ಸೋದು. ನನಗೂ ಗೊತ್ತಿತ್ತಲ್ಲ, ಬಾವಿ ನಂದೇ. ಹೆಂಗಪ್ಪ ಕಾಗದ ಸಿಗ್ತೈತೆ ಅಂತ ಯೋಚ್ನೆ ಮಾಡ್ತಿದ್ದೆ. ನೀನೇ ಬಂದು ಕೊಟ್ಟೆ. ಒಳ್ಳೇದಾತು ಬಿಡು.”

ಅವನ ಕುತ್ತಿಗೆ ಹಿಡಿಯುವಷ್ಟು ಸಿಟ್ಟು ಬಂತು. ಹಿಡಿದು ಏನೆಂದು ಕೂಗಲಿ? ಅವನು ಮೋಸಗಾರ ಎಂದು ಹೇಳಬೇಕಾದರೆ ನಾನು ಮೋಸದ ವರದಿ ಬರೆದೆ ಎಂದು ಮೊದಲು ಹೇಳಬೇಕು. ನನ್ನ ದ್ವೇಷವನ್ನೇ ಅವನು ಸಾಮಾನಿನಂತೆ ಎತ್ತಿಕೊಂಡು ಹೋಗಿದ್ದ. ನಾನು ಇಡೀ ಜಿಲ್ಲೆಯ ಕಣ್ಣಿಗೆ ಮಣ್ಣೆರಚಿದ್ದೆ. ನನ್ನ ಕಾಗದದ ನಿಜ ತಿಳಿದವನು ನನ್ನ ಶತ್ರು ಒಬ್ಬನೇ.

ಮರುವಾರವೇ ಆ ಎಂಟು ಎಕರೆಗೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಈರಣ್ಣ ಮೆತ್ತನೆಯ ಮನುಷ್ಯ, ಪಾತಿ ಮಾಡುತ್ತಿದ್ದ. ಹೊನ್ನಮ್ಮ ಮಜ್ಜಿಗೆ ತಂದಳು. ಸಸಿಗಳು ಎದೆಯುದ್ದ ಬಂದು ಹಸಿರು ಕಾರುತ್ತಿದ್ದವು.

“ನೀವು ತೋಡಿದ ಗುಂಡಿಯಾಗೇ ಮೊದಲ್ನೇ ಸಸಿ ಇಟ್ವಿ,” ಎಂದಳು. “ನಮ್ಮ ಕಡೆ ನೆಲ ತೋರಿಸಿದೋರಿಗೆ ಮೊದಲ್ನೇ ಗೊನೆ ಕೊಡ್ತೀವಿ. ಎಲ್ಲಿದ್ರೂ ಕಳಿಸ್ತೀನಿ, ಬ್ಯಾಡ ಅನ್ನಬ್ಯಾಡ್ರಿ.”

ನಾನು ಮಜ್ಜಿಗೆ ಕುಡಿದೆ. ಕೆರೆಯ ತೇವ ಇದೆ, ಹೇಗೋ ನಡೆದೀತು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಕುದುರೆ ಹತ್ತಿದೆ. ಮೊದಲನೆಯದು ದ್ವೇಷದಲ್ಲಿ ಮಾಡಿದ ತಪ್ಪು. ಇದು ಹೇಡಿತನದಲ್ಲಿ ಮಾಡಿದ್ದು, ನನ್ನ ಮಟ್ಟಿಗೆ ಇದೇ ಹೆಚ್ಚು ಹೊಲಸು.

ಇಪ್ಪತ್ತನೆಯ ಇಸವಿಯಲ್ಲಿ, ಒಂದು ಮಧ್ಯಾಹ್ನ, ಚಿತ್ರದುರ್ಗದ ಕಚೇರಿಗೆ ಒಂದು ಬಿದಿರು ಬುಟ್ಟಿ ಬಂತು. ಹೊತ್ತು ತಂದ ಬಂಡಿಯವನು ಅದನ್ನು ಎಲ್ಲರ ಮುಂದೆ ನನ್ನ ಮೇಜಿನ ಮೇಲೆ ಇಟ್ಟು, “ಹೊನ್ನಮ್ಮ ಕೊಟ್ಟು ಕಳಿಸ್ಯಾಳೆ, ಮೊದಲ್ನೇ ಗೊನೆಯಂತೆ” ಎಂದ. ಒಳಗೆ ಐದು ಕಾಯಿ. ಗುಮಾಸ್ತರೊಬ್ಬರು ತಮಾಷೆಗೆ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದಿಲ್ಲ. ಇನ್ನೊಂದನ್ನು ಅಲ್ಲಾಡಿಸಿದರು. ಅದಕ್ಕೂ ಸದ್ದಿಲ್ಲ. ನಾನು ಅಂದೇ ರಜೆ ಬರೆದುಕೊಟ್ಟು ಹೊರಟೆ.

ತೋಟ ನೋಡುವಂತಿರಲಿಲ್ಲ. ಹಳದಿ ಗರಿಗಳು ಜೋತುಬಿದ್ದಿದ್ದವು, ಕಾಂಡಗಳು ಮೇಲಕ್ಕೆ ಹೋದಂತೆ ಸೀಸದಕಡ್ಡಿಯ ಮೊನೆಯಂತೆ ಸಣ್ಣಗಾಗಿದ್ದವು. ಬುಡದಲ್ಲಿ ಉದುರಿದ ಎಳೆಗಾಯಿ. ಈರಣ್ಣ ತಲೆ ತಗ್ಗಿಸಿ ಬದುವಿನ ಮೇಲೆ ಕುಳಿತಿದ್ದ. ಹೊನ್ನಮ್ಮ ಮಾತ್ರ ನೆಟ್ಟಗೆ ನಿಂತಿದ್ದಳು. ಅವಳ ಹಿಂದೆ ಊರಿನ ಹತ್ತು ಜನ. ನನ್ನ ಕಾಗದ ಅವಳ ಕೈಯಲ್ಲಿತ್ತು.

“ಸಾಲಿ ಮೇಷ್ಟ್ರ ಕೈಲಿ ಅಕ್ಷರ ಬಿಡದಂಗೆ ಓದಿಸ್ದೆ,” ಎಂದಳು. “ಎಲ್ಲಾರ ಹೊಲದಾಗೂ ಆರಡಿ. ಈ ಹೊಲದಾಗೆ ಯಾಕೆ ಮೂರಡಿ?”

ನಾನು ಬಾಯಿಬಿಟ್ಟೆ. ಅಪ್ಪ, ಬಾವಿ, ಗುರುಸಿದ್ದಪ್ಪ, ಎಲ್ಲವನ್ನೂ ಹೇಳಿದೆ. ಅವಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

“ನಿಮಗೂ ಅವನಿಗೂ ಹಗೆತನ. ಎಂಟು ವರ್ಷ ನೀರು ಹೊತ್ತೋಳು ನಾನು,” ಎಂದಳು. ಹಾರೆ ತಂದು ನನ್ನ ಕಾಲ ಹತ್ತಿರ ಹಾಕಿದಳು. “ಉಳಿದ ಮೂರಡಿ ತೋಡ್ರಿ. ನೀವೇ ತೋಡ್ಬೇಕು. ಊರು ನೋಡ್ಲಿ.”

ಮೊದಲನೆಯ ಗುಂಡಿಯಲ್ಲಿದ್ದ ಮರವನ್ನು ಈರಣ್ಣ ಕಡಿದು ಉರುಳಿಸಿದ. ನಾನು ಅಂಗಿ ಬಿಚ್ಚಿ ಇಳಿದೆ. ಮೇಸ್ತ್ರಿಯ ಮಗನಾದರೂ ಹಾರೆ ಹಿಡಿದವನಲ್ಲ. ಮೂರೂವರೆ ಅಡಿಯಲ್ಲಿ ಹಾರೆ ಠಣ್ ಎಂದಿತು. ಅಲ್ಲಿಂದ ಬೆರಳು ಬೆರಳು ಲೆಕ್ಕದಲ್ಲಿ ಸುಣ್ಣದ ಹಾಸು ಬಿಟ್ಟಿತು. ಅಂಗೈ ಸುಲಿದು ರಕ್ತ ಬಂತು. ಯಾರೂ ಸಾಕು ಎನ್ನಲಿಲ್ಲ, ನಾನೂ ಕೇಳಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಹಾಸು ಒಡೆಯಿತು. ಅದರ ಕೆಳಗಿನ ಬಿಳಿ ಪುಡಿಮಣ್ಣು ಗುಂಡಿಯ ಪಕ್ಕದಿಂದ ಹಿಟ್ಟಿನಂತೆ ಸುರಿದು ನನ್ನ ಪಾದ ಮುಚ್ಚಿತು.

“ಮ್ಯಾಲೆ ಬರ್ರಿ, ಮ್ಯಾಲೆ ಬರ್ರಿ,” ಎಂದು ಯಾರೋ ಕೈ ಚಾಚಿದರು. ಮುದುಕ. ಆ ಕೈ ಹಿಡಿದು ಮೇಲೆ ಬಂದ ಮೇಲೆ ಗುರುತು ಹತ್ತಿತು, ಕರಿಯಣ್ಣ. ಅವನು ಆ ಬಿಳಿ ಮಣ್ಣನ್ನೇ ನೋಡುತ್ತಿದ್ದ.

“ಇದೇ ಮಣ್ಣು,” ಎಂದ ಊರವರ ಕಡೆ ತಿರುಗಿ. “ಮೇಸ್ತ್ರಿ ಮ್ಯಾಲೆ ಬಿದ್ದಿದ್ದು ಇದೇ. ಅವತ್ತು ಹಗ್ಗ ಹಿಡಿದಿದ್ದೋನು ನಾನು. ಅವ್ನು ಕುಡಿದಿರ್ಲಿಲ್ಲ. ಹಲಗೆ ಕೊಡ್ರಿ ಅಂತ ಮೂರು ದಿನ ಕೇಳ್ದ. ಇಳಿಯಲ್ಲ ಅಂದೋನ್ನ ಗುರುಸಿದ್ದಪ್ಪ ಗೌಡ್ರೇ ಬೈದು ಇಳಿಸಿದ್ರು.”

ನಾನು ಅವನ ಎರಡೂ ತೋಳು ಹಿಡಿದೆ. “ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?”

“ಅವರ ಮನೆ ಅನ್ನ ತಿಂತಿದ್ದೆ ಸ್ವಾಮಿ. ಯಾರೂ ಕೇಳ್ಲೂ ಇಲ್ಲ. ನೀವು ಗುಂಡಿ ತೋಡಿಸಿದ ದಿನ ಹೇಳ್ಬೇಕು ಅಂತಿದ್ದೆ. ಸರ್ಕಾರದೋರು ಅವ್ರೆ, ಪಟೇಲ್ರು ಅವ್ರೆ, ಗೌಡ್ರು ಎದುರ್ಗೇ ಅವ್ರೆ. ಆ ಬಿಳಿ ಮಣ್ಣು ಒಂದು ಕಂಡಿದ್ರೆ ನನ್ನ ಬಾಯಿ ತಾನೇ ಬಿಡ್ತಿತ್ತು. ಅದಕ್ಕೇ ಇನ್ನೂ ತೋಡಾಣ ಅಂದೆ. ನೀವು ಸಾಕು ಅಂದ್ರಿ.”

ಗುರುಸಿದ್ದಪ್ಪ ಅದರ ಹಿಂದಿನ ವರ್ಷ ಹೊಸದುರ್ಗದ ತನ್ನ ತೋಟದ ಮನೆಯಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ, ಎಳನೀರು ಕುಡಿಯುತ್ತ ಸತ್ತಿದ್ದ. ದೊಡ್ಡ ಮನುಷ್ಯ ಎಂದು ಊರೆಲ್ಲ ಕೂಡಿ ಮಣ್ಣು ಮಾಡಿದರಂತೆ.

ನಾನು ಎರಡನೆಯ ವರದಿ ಬರೆದೆ. ಆಳ ಆರು ಅಡಿ, ತೆಂಗಿಗೆ ಅಯೋಗ್ಯ, ಮೊದಲ ವರದಿ ಬರೆದವನ ಉದ್ದೇಶಪೂರ್ವಕ ತಪ್ಪು ಎಂದು ನನ್ನ ಹೆಸರನ್ನೇ ಬರೆದು, ಕರಿಯಣ್ಣನ ಹೇಳಿಕೆಯನ್ನೂ ಲಗತ್ತಿಸಿದೆ. ನನ್ನನ್ನು ಒಂದು ದರ್ಜೆ ಇಳಿಸಿ ಮೊಳಕಾಲ್ಮೂರಿಗೆ ಹಾಕಿದರು. ಕಡಿಮೆಯಾಯಿತೆಂದೇ ನನ್ನ ಅಭಿಪ್ರಾಯ. ಈರಣ್ಣ, ಹೊನ್ನಮ್ಮ ಒಂದೇ ಒಂದು ಮರ ಬಿಟ್ಟು ಉಳಿದದ್ದನ್ನೆಲ್ಲ ಕಡಿದು, ಮೂರಡಿ ಮಣ್ಣಿಗೆ ಸಾಕಾಗುವ ಜೋಳ, ಶೇಂಗಾ ಬಿತ್ತಿ ಬದುಕಿದರು. ಕೆಂಪು ನೆಲ ಅವರಿಗೆ ವಾಪಸು ಬರಲಿಲ್ಲ. ಹೊನ್ನಮ್ಮ ನನ್ನನ್ನು ಕ್ಷಮಿಸಲಿಲ್ಲ. ಆ ಒಂದು ಮರವನ್ನು ಅವಳು ಬಿಟ್ಟುಕೊಂಡದ್ದು ನನಗಾಗಿ. ಮೊಳಕಾಲ್ಮೂರಿಗೂ, ಆಮೇಲೆ ವರ್ಗವಾದ ಊರುಗಳಿಗೂ, ನಿವೃತ್ತನಾದ ಮೇಲೆ ಈ ಮನೆಗೂ, ಪ್ರತಿ ವರ್ಷ ಐದು ಪೊಳ್ಳು ಕಾಯಿ ತಪ್ಪದೆ ಬರುತ್ತವೆ. ಸೇಡು ತೀರಿಸಿಕೊಳ್ಳುವುದು ಹೇಗೆಂದು ಅವಳಿಂದ ಕಲಿಯಬೇಕು.

ನನ್ನ ಹಿಂದೆ ಕೆಲಸಕ್ಕೆ ಬಂದವರಿಗೆ ನಾನು ಒಂದೇ ಮಾತು ಹೇಳುತ್ತ ಬಂದೆ. ಸ್ನೇಹಿತನ ಹೊಲದಲ್ಲಿ ಬೇಕಾದರೆ ಐದೂವರೆಗೆ ನಿಲ್ಲಿಸಿ, ಹಗೆಯವನ ಹೊಲದಲ್ಲಿ ಮಾತ್ರ ಆರು ಅಡಿ ಪೂರ್ತಿ ತೋಡಿಸಿ. ಅವರು ಅದನ್ನು ಹಳೆಯ ನೌಕರನ ನಿಯಮನಿಷ್ಠೆ ಎಂದುಕೊಂಡು ತಲೆದೂಗುತ್ತಿದ್ದರು. ನಾನು ಗುರುಸಿದ್ದಪ್ಪನನ್ನು ಈಗಲೂ ಕ್ಷಮಿಸಿಲ್ಲ, ಅದಕ್ಕೇ ಆ ಮಾತು ಹೇಳುತ್ತೇನೆ. ಅಪ್ಪನನ್ನು ಕುಡುಕ ಎಂದವನು ಅಂದು ಪಟೇಲರ ಎದುರಿಗೆ, ಗುಂಡಿಯ ಬಾಯಲ್ಲೇ ನಿಂತಿದ್ದ. ಇನ್ನು ಮೂರಡಿ ತೋಡಿಸಿದ್ದರೆ ಸಾಕಿತ್ತು.